ಕೆಳದಿಯ ಬಸವಭೂಪಾಲನೂ ಅವನು ಬರೆದ ವಂಶಚರಿತ್ರೆಯೂ

ನಮ್ಮ ಬಯಲುಸೀಮೆಯ ಊರುಗಳಿಗೆ ಹೆಳವನು ಎತ್ತನ್ನೇರಿ ಬಂದು, ಒಕ್ಕಲಮನೆಯ ಅಂಗಳದಲ್ಲಿ ನಿಂತು, ಯಜಮಾನನ ಹೆಸರನ್ನು ಕೂಗಿ, ಅವನ ತಂದೆ, ಅಜ್ಜ, ಮುತ್ತಜ್ಜರನ್ನು ಒಬ್ಬೊಬ್ಬರಾಗಿ ಕರೆದು, ಆ ಮನೆತನದ ಮೂಲಪುರುಷನು ಯಾವ ಸ್ಥಳದಿಂದ ಹೊರಟುಬಂದನೆಂಬುದನ್ನು ಹಾಡಿನ ಧಾಟಿಯಲ್ಲಿ ಹೇಳುವ ಪದ್ಧತಿಯು ಶ್ರೀಮಠದ ಸದ್ಭಕ್ತರಿಗೆ ತಿಳಿಯದುದಲ್ಲ. ಹೆಳವನ ಪಟ್ಟಿಯಲ್ಲಿ ತನ್ನ ಹೆಸರನ್ನು ಕೇಳಿದ ಹುಡುಗನು ಅಂದಿನಿಂದ ತಾನು ಆ ಮನೆಯವನೆಂದು ಮನಸ್ಸಿನಲ್ಲಿ ದೃಢಪಡಿಸಿಕೊಳ್ಳುತ್ತಾನೆ. ಆದರೆ ಬೇರೊಂದು ಮನೆಯಲ್ಲಿ ಹುಟ್ಟಿ, ಬೇರೊಬ್ಬರ ಮಡಿಲಿಗೆ ದತ್ತುಬಂದ ಕುಮಾರನಿಗೆ ಆ ಪಟ್ಟಿಯಲ್ಲಿ ಸ್ಥಾನವೆಲ್ಲಿ? ಅವನು ಯಾರ ಹಿರಿಯರನ್ನು ತನ್ನ ಹಿರಿಯರೆನ್ನಬೇಕು? ಈ ಪ್ರಶ್ನೆಯು ಸಾಮಾನ್ಯ ಒಕ್ಕಲಿಗೆ ಬಂದರೆ ಮನೆಯೊಳಗಿನ ಮಾತಾಗಿ ಮುಗಿಯುವುದು. ಒಂದು ದೊಡ್ಡ ರಾಜ್ಯದ ಸಿಂಹಾಸನಕ್ಕೆ ಬಂದಾಗ ಅದು ನಾಡಿನ ಮಾತಾಗುವುದು. ಅಂತಹ ಪ್ರಶ್ನೆಗೆ ಗುರಿಯಾಗಿ, ಅದಕ್ಕೆ ಉತ್ತರವನ್ನು ಗ್ರಂಥರೂಪದಲ್ಲಿಯೇ ಬರೆದಿಟ್ಟುಹೋದ ಮಹಾನುಭಾವನು ಕೆಳದಿಯ ಹಿರಿಯ ಬಸವಪ್ಪನಾಯಕನು. ವಿದ್ವಾಂಸರು ಅವನನ್ನು ಬಸವಭೂಪಾಲನೆಂದೂ ಬಸವರಾಜನೆಂದೂ ಕರೆಯುವರು. ಅವನ ಚರಿತ್ರೆಯನ್ನು ಈ ಸಂಚಿಕೆಯ ಸಂದರ್ಭದಲ್ಲಿ ಯಥಾಮತಿ ನಿರೂಪಿಸಲಾಗುವುದು.

ಬಸವಪ್ಪನಾಯಕನ ಜನ್ಮಮೂಲವು ನಮಗೆ ದೂರದ್ದಲ್ಲ. ತರೀಕೆರೆ, ಅಜ್ಜಂಪುರಗಳ ಉತ್ತರಕ್ಕೆ ಚನ್ನಗಿರಿಯ ಸೀಮೆಯಿದೆ. ಆ ಸೀಮೆಯಲ್ಲಿರುವುದು ಬಸವಾಪಟ್ಟಣ. ಈ ಊರಿನ ಹೆಸರನ್ನು ತರೀಕೆರೆಯವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ತರೀಕೆರೆಯ ಪಾಳೆಯಗಾರರ ಹಿರಿಯರು ಮೊದಲು ಆಳಿದುದು ಅಲ್ಲಿಯೇ. ಬಿಜಾಪುರದವರ ದಂಡಯಾತ್ರೆಯಲ್ಲಿ ಕೋಟೆಯನ್ನು ಕಳೆದುಕೊಂಡು, ಸಂತೇಬೆನ್ನೂರಿನ ಕಡೆ ಕೆಲವುಕಾಲವಿದ್ದು, ಕಡೆಗೆ ಅವರು ತರೀಕೆರೆಯಲ್ಲಿ ನೆಲೆನಿಂತರು. ಆ ಪಾಳೆಯಗಾರರ ಮನೆತನಕ್ಕೂ ನಮ್ಮ ಕಥಾನಾಯಕನಿಗೂ ರಕ್ತಸಂಬಂಧವನ್ನು ಕಲ್ಪಿಸಬಾರದು. ಬಸವಪ್ಪನು ಬಸವಾಪಟ್ಟಣದ ಶೆಟ್ಟರ ಮನೆಯ ಕುಮಾರನು. ಲಿಂಗವಂತರಾದ ವರ್ತಕರ ಮನೆತನದವನು. ಕೆಳದಿಯ ಅರಮನೆಗೆ ಅವನು ಬಂದುದು ರಾಣಿ ಚೆನ್ನಮ್ಮಾಜಿಯ ದತ್ತಪುತ್ರನಾಗಿ.

ಚೆನ್ನಮ್ಮಾಜಿಯೂ ಹುಟ್ಟಿನಿಂದ ಅರಸುಮಗಳಲ್ಲವೆಂಬುದನ್ನು ಇಲ್ಲಿ ನೆನೆಯುವುದು ಯುಕ್ತವಾಗಿದೆ. ಆಕೆಯು ಕೋಟಿಪುರದ ಸಿದ್ದಪ್ಪಶೆಟ್ಟರ ಮಗಳು. ಕೆಳದಿಯ ರಾಮೇಶ್ವರನ ಜಾತ್ರೆಯಲ್ಲಿ ಆಕೆಯನ್ನು ಕಂಡ ಸೋಮಶೇಖರನಾಯಕನು ಆಕೆಯನ್ನೇ ವರಿಸಿದನೆಂದು ಪರಂಪರೆಯ ಮಾತು. ಆ ಅರಸನು ಮುಂದೆ ಬುದ್ಧಿಭ್ರಮೆಗೊಳಗಾಗಿ ರಾಜ್ಯಭಾರವನ್ನು ಕೈಬಿಟ್ಟನು; ೧೬೭೧ರಲ್ಲಿ ಘಾತಕರ ಕೈಯಿಂದ ಮೃತನಾದನು. ಸಂತಾನವಿರಲಿಲ್ಲ. ಬಿಜಾಪುರದ ಸೇನೆಯು ಬಿದನೂರಿನ ಬಾಗಿಲಿಗೆ ಬಂದಿತು. ಒಳಗಿನವರೇ ಕೆಲವರು ತಮತಮಗೆ ಬೇಕಾದವರನ್ನು ಪಟ್ಟದ ಮೇಲೆ ಕೂರಿಸಲು ಹವಣಿಸಿದರು. ರಾಣಿಯು ಭುವನಗಿರಿದುರ್ಗಕ್ಕೆ, ಎಂದರೆ ಕವಲೇದುರ್ಗಕ್ಕೆ, ಸೇರಿ, ಸೈನ್ಯವನ್ನು ಕೂಡಿಸಿ, ರಾಜ್ಯವನ್ನು ಮರಳಿ ಕೈವಶಮಾಡಿಕೊಂಡು ಸುಮಾರು ಇಪ್ಪತ್ತೈದು ವರ್ಷ ಆಳಿದಳು. ೧೬೮೯ರಲ್ಲಿ ಛತ್ರಪತಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು, ಔರಂಗಜೇಬನ ಸೇನೆಯನ್ನೆದುರಿಸಿದ ಆಕೆಯ ಧೈರ್ಯವನ್ನು ಕನ್ನಡಿಗರು ಇಂದಿಗೂ ಕೊಂಡಾಡುವರು. ಚನ್ನಗಿರಿಗೆ ಆಕೆಯ ಹೆಸರೇ ನಿಂತಿತೆಂದು ಆ ಸೀಮೆಯ ಜನರು ಹೇಳುತ್ತಾರೆ.

ಇಂತಹ ಕಾಲದಲ್ಲಿ ದತ್ತುಸ್ವೀಕಾರವೆಂಬುದು ಕೇವಲ ಮಾತೃವಾತ್ಸಲ್ಯದ ಕಾರ್ಯವಾಗಿರಲಿಲ್ಲ. ಅರಸನು ಮಕ್ಕಳಿಲ್ಲದೆ ಸತ್ತ ಮನೆಯಲ್ಲಿ ಹಕ್ಕುದಾರರು ಅನೇಕರು ಏಳುತ್ತಾರೆ. ದೂರದ ದಾಯಾದಿಯೂ ಆಗ ಸಮೀಪದವನಾಗುತ್ತಾನೆ. ಅಂತಹವರೆಲ್ಲರನ್ನೂ ಬಿಟ್ಟು ತನ್ನ ಬಂಧುವರ್ಗದ ಹುಡುಗನೊಬ್ಬನನ್ನು ರಾಣಿಯು ಮಗನನ್ನಾಗಿ ಮಾಡಿಕೊಂಡಳು. ಅವನಿಗೆ ವಿದ್ಯೆ, ಶಸ್ತ್ರಾಭ್ಯಾಸ, ರಾಜ್ಯಕಾರ್ಯಗಳಲ್ಲಿ ಶಿಕ್ಷಣವಾಯಿತು. ಬಸವಪ್ಪನು ಪಟ್ಟಕ್ಕೆ ಬಂದುದು ೧೬೯೭ರಲ್ಲಿ. ಅವನು ಸಿಂಹಾಸನವನ್ನೇರಿದಾಗ, ಕೆಳದಿಯ ರಕ್ತವು ತನ್ನ ಮೈಯಲ್ಲಿಲ್ಲವೆಂಬುದು ಅವನಿಗೂ ತಿಳಿದಿತ್ತು, ಸಭೆಯಲ್ಲಿ ಕುಳಿತ ಪ್ರತಿಯೊಬ್ಬ ದಳವಾಯಿಗೂ ತಿಳಿದಿತ್ತು.

ಅವನ ಆಳಿಕೆಯ ರಾಜಕೀಯ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ನಮ್ಮ ಯಗಟಿಯು ಸೇರಿರುವ ಕಡೂರು ಸೀಮೆಯೂ, ಸಖರಾಯಪಟ್ಟಣ, ಬಾಣಾವರಗಳೂ ಅದಕ್ಕೆ ಮೊದಲೇ, ೧೬೯೦ರ ಸುಮಾರಿನಲ್ಲಿ, ಮೈಸೂರಿನ ಚಿಕ್ಕದೇವರಾಜ ಒಡೆಯರ ವಶವಾಗಿದ್ದುವು. ಬಸವಪ್ಪನು ಕಳೆದುದನ್ನು ಮರಳಿ ಪಡೆಯುವ ದೊಡ್ಡ ಯುದ್ಧಗಳಿಗೆ ಕೈಹಾಕದೆ, ಉಳಿದುದನ್ನು ನೆಮ್ಮದಿಯಿಂದ ಆಳಿದನು. ಅವನ ಕಡೆಯ ದಿನಗಳಲ್ಲಿ, ೧೭೧೩ರಲ್ಲಿ, ಪೋರ್ಚುಗೀಸರ ನೌಕೆಗಳು ಕರಾವಳಿಯ ಬಂದರುಗಳ ಮೇಲೆ ಬಿದ್ದು ಬಹಳ ಹಾನಿಮಾಡಿದುವು. ಶಿವಪ್ಪನಾಯಕನು ನಿಗದಿಮಾಡಿದ್ದ ಪ್ರಸಿದ್ಧವಾದ ಶಿಸ್ತಿನ ಮೇಲೆ ಮುಂದಿನ ಕಾಲದಲ್ಲಿ ವರಹಕ್ಕೆ ಒಂದಾಣೆಯಂತೆ ದಾಸೋಹದ ಬಾಬೊಂದು ಸೇರಿ, ಬೇಡಿಬಂದವರಿಗೆಲ್ಲ ಅನ್ನವಿಕ್ಕುವ ಏರ್ಪಾಡು ನಡೆಯುತ್ತಿದ್ದಿತೆಂದು ಕಂದಾಯದ ಚರಿತ್ರೆಯನ್ನು ಬರೆದವರು ತಿಳಿಸುತ್ತಾರೆ. ತೆರಿಗೆಯ ಹೆಸರು ದಾಸೋಹವೆಂದಿದ್ದ ರಾಜ್ಯವು ಎಂತಹುದಾಗಿದ್ದಿತೆಂಬುದನ್ನು ಭಕ್ತರೇ ಊಹಿಸಬಹುದು; ತೆರಿಗೆಯನ್ನು ಕೊಟ್ಟ ಒಕ್ಕಲು ಅದನ್ನು ಎಷ್ಟು ಸಂತೋಷದಿಂದ ಕೊಟ್ಟನೋ ಅದನ್ನೂ ಊಹಿಸಬಹುದು.

ಬಸವಭೂಪಾಲನ ಕೀರ್ತಿಯು ನಿಂತಿರುವುದು ಯುದ್ಧದಿಂದಲ್ಲ, ಗ್ರಂಥದಿಂದ. ೧೭೦೯ರಲ್ಲಿ ಅವನು ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ಮಹಾಗ್ರಂಥವನ್ನು ಮುಗಿಸಿದನು. ರತ್ನಾಕರವೆಂಬ ಹೆಸರಿಗೆ ತಕ್ಕಂತೆ ಅದರ ದೊಡ್ಡ ಭಾಗಗಳಿಗೆ ಕಲ್ಲೋಲಗಳೆಂದೂ ಅಧ್ಯಾಯಗಳಿಗೆ ತರಂಗಗಳೆಂದೂ ಹೆಸರು. ಕಲ್ಲೋಲಗಳು ಒಂಬತ್ತು, ತರಂಗಗಳು ನೂರೆಂಟು. ಸೃಷ್ಟಿಕ್ರಮ, ಭೂಗೋಳ, ರಾಜನೀತಿ, ಸಂಗೀತ, ನಾಟ್ಯ, ಶಿಲ್ಪ, ರತ್ನಪರೀಕ್ಷೆ, ವೈದ್ಯ, ಆನೆಕುದುರೆಗಳ ಲಕ್ಷಣ, ಪಾಕಶಾಸ್ತ್ರ, ಯೋಗ, ಶಿವಭಕ್ತಿ ಎಂದು ಆ ಕಾಲದ ವಿದ್ಯೆಗಳಲ್ಲಿ ಅದರೊಳಗೆ ಬಾರದುದು ಬಹಳ ಕಡಮೆ. ಅಡಿಗೆಯ ವಿಷಯವನ್ನು ಹೇಳುವ ಭಾಗವನ್ನು ಈಚಿನ ವಿದ್ವಾಂಸರು ವಿಶೇಷವಾಗಿ ಗಮನಿಸಿದ್ದಾರೆ. ಸುಭಾಷಿತಸುರದ್ರುಮ, ಸೂಕ್ತಿಸುಧಾಕರಗಳೆಂಬ ಇನ್ನೆರಡು ಕೃತಿಗಳೂ ಅವನ ಹೆಸರಿನಲ್ಲಿವೆ. ಇಷ್ಟು ದೊಡ್ಡ ಗ್ರಂಥವನ್ನು ರಾಜ್ಯಭಾರದ ನಡುವೆ ಒಬ್ಬನೇ ಬರೆದನೇ ಎಂದು ಕೆಲವರಿಗೆ ಸಂದೇಹ ಬರುವುದು ಸಹಜ. ಅರಮನೆಯ ಪಂಡಿತರು ಶಾಸ್ತ್ರಭಾಗಗಳನ್ನು ಒದಗಿಸಿಕೊಟ್ಟಿರಬಹುದು. ಆದರೆ ಗ್ರಂಥದ ಕಟ್ಟಡವೇ ತಂದೆಮಕ್ಕಳ ಸಂವಾದವಾಗಿದೆ: ಕುಮಾರ ಸೋಮಶೇಖರನು ಕೇಳುತ್ತಾನೆ, ಬಸವರಾಜನು ಹೇಳುತ್ತಾನೆ. ಈ ಕಟ್ಟಡವನ್ನು ಗೊತ್ತುಮಾಡಿದ ಮನಸ್ಸು ಬಾಡಿಗೆಯ ಪಂಡಿತನದಲ್ಲವೆಂದು ನಮಗೆ ತೋರುತ್ತದೆ.

ಏಕೆಂದರೆ, ಈ ವಿದ್ಯಾಸಾಗರದ ನಡುವೆ ಬಸವರಾಜನು ಮಗನಿಗೆ ಹೇಳುವ ದೊಡ್ಡ ವಿಷಯವೊಂದು ಕೆಳದಿಯ ಮನೆತನದ ಚರಿತ್ರೆ. ಸಂಗೀತವನ್ನೂ ವೈದ್ಯವನ್ನೂ ಬೇರೆ ಗ್ರಂಥಗಳಿಂದ ಸಂಗ್ರಹಿಸಬಹುದು. ವಂಶದ ಕಥೆಯನ್ನು ಸಂಗ್ರಹಿಸುವುದು ಹಾಗಲ್ಲ. ಅದಕ್ಕೆ ತಾಮ್ರಶಾಸನಗಳನ್ನು ನೋಡಬೇಕು, ಕರಣಿಕರ ಕಡತಗಳನ್ನು ಬಿಚ್ಚಿಸಬೇಕು, ಅರಮನೆಯ ವೃದ್ಧರನ್ನೂ ಮಠದ ಹಿರಿಯರನ್ನೂ ಕೇಳಬೇಕು. ಆ ಮನೆಯಲ್ಲಿ ಹುಟ್ಟಿದವನು ಅಜ್ಜಿಯ ಮಡಿಲಲ್ಲಿ ಮಲಗಿ ಕೇಳುವುದನ್ನು, ದತ್ತುಬಂದವನು ಪ್ರಯತ್ನಪೂರ್ವಕವಾಗಿ ಅರಸಿ ಕಲಿಯಬೇಕಾಗುವುದು. ಬಸವಪ್ಪನು ಕಲಿತನು, ಕಲಿತುದನ್ನು ಮಗನಿಗೆ ಒಪ್ಪಿಸಿದನು. ಸೋಮಶೇಖರನೆಂಬ ಆ ಮಗನ ಹೆಸರೂ ಚೆನ್ನಮ್ಮಾಜಿಯ ಪತಿಯದೇ ಎಂಬುದನ್ನು ಗಮನಿಸಬೇಕು. ತಾನು ಕಂಡು ಬೆಳೆಯದ ತಂದೆಯ ಹೆಸರನ್ನು ಮಗನಿಗಿಟ್ಟು, ಆ ಹೆಸರಿನ ಹಿಂದಿನ ಎರಡು ಶತಮಾನಗಳನ್ನು ಅವನಿಗೆ ತಿಳಿಸಿದನು.

ಆ ಕಥೆಯ ಆರಂಭವು ಬಹು ಸರಳವಾದುದು. ಅನೇಕ ಅರಸುಮನೆಗಳು ತಮ್ಮ ಮೂಲವನ್ನು ಸೂರ್ಯನಿಗೋ ಚಂದ್ರನಿಗೋ ಕಟ್ಟಿಕೊಂಡಿವೆ. ಕೆಳದಿಯ ವಂಶಕಥೆಯಾದರೋ ಹೊಲಗದ್ದೆಯಲ್ಲಿ ಮೊದಲಾಗುವುದು. ಬಸವಪ್ಪ, ಬಸವಾಂಬೆ ಎಂಬ ಶಿವಭಕ್ತ ದಂಪತಿಗಳಿಗೆ ಚೌಡ, ಭದ್ರ ಎಂಬ ಇಬ್ಬರು ಮಕ್ಕಳು. ಬೇಸಾಯದಿಂದ ಬದುಕಿದ ಗೌಡರ ಮನೆ. ಅವರ ಹಸುವೊಂದು ಕಾಡಿನ ಹುತ್ತದ ಮೇಲೆ ತಾನಾಗಿಯೇ ಹಾಲು ಕರೆಯುತ್ತಿದ್ದಿತು. ಹುತ್ತವನ್ನು ತೆಗೆಸಿದಾಗ ಲಿಂಗವು ದೊರೆಯಿತು. ಅದೇ ಕೆಳದಿಯ ರಾಮೇಶ್ವರ. ನಾಗರಮುರಿಯೆಂಬ ಖಡ್ಗವೂ ನಿಕ್ಷೇಪವೂ ಅವರಿಗೆ ದೊರೆತುವು. ಆ ನಿಕ್ಷೇಪವನ್ನು ಎತ್ತುವುದಕ್ಕೆ ನರಬಲಿಯು ಬೇಕಾದಾಗ ಯಾದವ, ಮುರಾರಿ ಎಂಬ ಇಬ್ಬರು ಆಳುಗಳು ತಾವಾಗಿಯೇ ತಲೆಯೊಪ್ಪಿಸಿದರೆಂದೂ, ತಮ್ಮ ಹೆಸರು ಒಡೆಯರ ವಂಶದಲ್ಲಿ ನಿಲ್ಲಬೇಕೆಂಬುದೊಂದನ್ನೇ ಬೇಡಿದರೆಂದೂ ಕಥೆಯಿದೆ. ಸುಮಾರು ೧೫೦೦ರಲ್ಲಿ ಚೌಡಪ್ಪನು ನಾಯಕನಾದನು. ವಿಜಯನಗರದ ಅರಸರ ಮನ್ನಣೆಯು ಅವನಿಗೆ ದೊರೆಯಿತು.

ಹುತ್ತ, ಹಸು, ನಿಕ್ಷೇಪಗಳ ಕಥೆಯನ್ನು ಚರಿತ್ರಕಾರರು ಪ್ರಮಾಣವೆಂದು ಒಪ್ಪುವುದಿಲ್ಲ, ಒಪ್ಪಬೇಕಾದುದೂ ಇಲ್ಲ. ಇಂತಹ ಹುತ್ತದ ಕಥೆಗಳು ನಮ್ಮ ನಾಡಿನ ಎಷ್ಟೋ ದೇವಸ್ಥಾನಗಳಿಗುಂಟು. ಆದರೆ ಆ ಇಬ್ಬರು ಆಳುಗಳ ವಿಷಯದಲ್ಲಿ ಒಂದು ವಿಶೇಷವಿದೆ. ಕೆಳದಿಯ ಅರಸರ ಶಾಸನಗಳನ್ನು ತೆಗೆದು ನೋಡಿದರೆ, ಬಿರುದಾವಳಿಯಲ್ಲಿ ಕೋಟೆಕೋಲಾಹಲ, ವಿಶುದ್ಧವೈದಿಕಾದ್ವೈತಸಿದ್ಧಾಂತಪ್ರತಿಷ್ಠಾಪಕ, ಶಿವಗುರುಭಕ್ತಿಪರಾಯಣ ಎಂಬ ದೊಡ್ಡ ಮಾತುಗಳೊಡನೆ ಎಡವಮುರಾರಿ ಎಂಬ ಬಿರುದೂ ಬರುತ್ತದೆ. ಕಥೆಯು ಹೇಗೆಯೇ ಹುಟ್ಟಿರಲಿ, ಆಳುಗಳ ಹೆಸರೆಂದು ಜನರು ನಂಬಿದ ಶಬ್ದವನ್ನು ಆ ಅರಸರು ತಲೆಮಾರಿನಿಂದ ತಲೆಮಾರಿಗೆ ಎಲ್ಲಕ್ಕಿಂತ ಮುಂದಿಟ್ಟು ಬರೆಯಿಸಿದರು. ಬಸವರಾಜನೂ ಗೌಡರ ಮೂಲವನ್ನು ಮರೆಮಾಡದೆ ಮಗನಿಗೆ ಹೇಳಿದನು. ಹೊಸದಾಗಿ ಬಂದವನಿಗೆ ಹಳೆಯ ಮನೆಯನ್ನು ಬಂಗಾರದ ಬಣ್ಣದಿಂದ ಬಳಿಯುವ ಆಸೆ ಹುಟ್ಟುವುದು ಹೆಚ್ಚು. ಅವನು ಆ ಆಸೆಗೆ ಒಳಗಾಗಲಿಲ್ಲ.

ಮುಂದಿನ ಪೀಳಿಗೆಗಳ ಕ್ರಮವು ಸ್ವಲ್ಪ ತೊಡಕಾದುದು. ಚೌಡಪ್ಪನ ಮಗ ಸದಾಶಿವನಾಯಕನು; ಇವನ ಮಕ್ಕಳು ದೊಡ್ಡಸಂಕಣ್ಣನಾಯಕ, ಚಿಕ್ಕಸಂಕಣ್ಣನಾಯಕರು. ದೊಡ್ಡಸಂಕಣ್ಣನು ರಾಜ್ಯವನ್ನು ತಮ್ಮನಿಗೊಪ್ಪಿಸಿ ಕಾಶೀಕೇದಾರಗಳ ಯಾತ್ರೆಗೆ ಹೊರಟುಹೋದನು. ಅವನ ಕವಲಿನಲ್ಲಿ ಹಿರಿಯ ವೆಂಕಟಪ್ಪನಾಯಕನು ಬಹು ಪ್ರಬಲನಾದನು. ೧೬೨೩ರಲ್ಲಿ ಇಟಲಿ ದೇಶದ ಯಾತ್ರಿಕ ಪಿಯೆತ್ರೊ ದೆಲ್ಲಾ ವಲ್ಲೆಯು ಇಕ್ಕೇರಿಯಲ್ಲಿ ಅವನ ಆಸ್ಥಾನವನ್ನು ಕಂಡು ವರ್ಣಿಸಿದ್ದಾನೆ. ವೆಂಕಟಪ್ಪನ ಮೊಮ್ಮಗ ವೀರಭದ್ರನಾಯಕನು ರಾಜಧಾನಿಯನ್ನು ಬಿದನೂರಿಗೆ ಸಾಗಿಸಿದನು. ಅವನಿಗೆ ಮಕ್ಕಳಿಲ್ಲದೆ ೧೬೪೫ರಲ್ಲಿ ರಾಜ್ಯವು ಚಿಕ್ಕಸಂಕಣ್ಣನ ಕವಲಿಗೆ ಬಂದಿತು. ಈ ಕವಲಿನಲ್ಲಿ ಸಿದ್ದಪ್ಪನಾಯಕನ ಮಗನೇ ಲೋಕಪ್ರಸಿದ್ಧನಾದ ಶಿವಪ್ಪನಾಯಕನು. ಶಿವಪ್ಪನ ಮಗ ಸೋಮಶೇಖರನು; ಸೋಮಶೇಖರನ ಧರ್ಮಪತ್ನಿ ಚೆನ್ನಮ್ಮಾಜಿ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವುಂಟು. ಬಸವಪ್ಪನಾಯಕನ ಕಾಲದ ಶಾಸನಗಳಲ್ಲಿ ಅವನನ್ನು ಸಿದ್ದಪ್ಪನಾಯಕನ ಮರಿಮಗನೆಂದೂ, ಶಿವಪ್ಪನಾಯಕನ ಮೊಮ್ಮಗನೆಂದೂ, ಸೋಮಶೇಖರನಾಯಕನ ಧರ್ಮಪತ್ನಿ ಚೆನ್ನಮ್ಮಾಜಿಯ ಮಗನೆಂದೂ ನಿರ್ದೇಶಿಸುವ ಕ್ರಮವಿದೆ. ಓದುಗರು ಇಲ್ಲಿ ಎರಡು ಅಂಶಗಳನ್ನು ಪರ್ಯಾಲೋಚಿಸಬೇಕು. ಮೊದಲನೆಯದಾಗಿ, ಸಿದ್ದಪ್ಪನು ಪಟ್ಟವಾಳಿದವನೇ ಅಲ್ಲ. ಪಟ್ಟವಾಳಿದ ವೀರಭದ್ರನ ಹೆಸರು ಈ ಪಂಕ್ತಿಯಲ್ಲಿ ಇಲ್ಲವೇ ಇಲ್ಲ. ಆದುದರಿಂದ ಶಾಸನವು ಹೇಳುತ್ತಿರುವುದು ಅರಸರ ಪಟ್ಟಿಯನ್ನಲ್ಲ, ಮನೆಯ ಪೀಳಿಗೆಯನ್ನು. ವಂಶಾವಳಿಯನ್ನು ಬರೆಯಹೊರಟ ಅನೇಕರು ಈ ಎರಡನ್ನೂ ಬೆರೆಸಿ, ಒಬ್ಬನ ಹಿಂದೆ ಒಬ್ಬ ಆಳಿದವರನ್ನೆಲ್ಲ ತಂದೆಮಕ್ಕಳನ್ನಾಗಿ ಮಾಡಿ ತೊಡಕಿಗೆ ಸಿಕ್ಕಿದ್ದಾರೆ. ಎರಡನೆಯದಾಗಿ, ದತ್ತುಬಂದ ಕುಮಾರನಿಗೆ ಹುಟ್ಟಿದ ಮನೆಯ ಅಜ್ಜ, ಮುತ್ತಜ್ಜರು ಶಾಸನದಲ್ಲಿ ಇಲ್ಲ; ಬಂದ ಮನೆಯ ಅಜ್ಜ, ಮುತ್ತಜ್ಜರೇ ಅವನ ಹಿರಿಯರು. ಮೂರನೆಯ ಸ್ಥಾನದಲ್ಲಾದರೋ, ತಂದೆಯ ಹೆಸರನ್ನು ಹೇಳಿ ಸುಮ್ಮನಾಗದೆ ತಾಯಿಯ ಹೆಸರನ್ನೇ ಹೇಳಿದೆ. ಅವನಿಗೆ ರಾಜ್ಯವು ಬಂದುದು ಆಕೆಯ ಕೈಯಿಂದ. ಕಲ್ಲಿನ ಮೇಲೆ ಬರೆಯಿಸುವಾಗ ಅದನ್ನು ಮರೆಸಲಿಲ್ಲ.

ಶಿವಭಕ್ತರ ಸಂಪ್ರದಾಯವನ್ನು ಬಲ್ಲವರಿಗೆ ಇದರಲ್ಲಿ ಅಸಂಗತವೇನೂ ತೋರಲಾರದು. ದೀಕ್ಷೆಯನ್ನು ಪಡೆದವನು ಗುರುವಿನ ಕರಕಮಲದಿಂದ ಹುಟ್ಟಿದವನೆಂದು ಹೇಳುವ ಸಮಯದಲ್ಲಿ, ಮಠದ ಪಟ್ಟಕ್ಕೆ ಬಂದ ಮರಿಯು ತನ್ನ ಪೂರ್ವಾಶ್ರಮದ ಊರು ಮನೆಗಳನ್ನು ಹೇಳಿಕೊಳ್ಳದೆ ಹಿಂದಿನ ಗುರುಗಳ ಪರಂಪರೆಯನ್ನೇ ತನ್ನ ವಂಶವೆಂದು ಎಣಿಸುವನು. ಅರಮನೆಯ ದತ್ತುವಿಗೂ ಮಠದ ಪಟ್ಟಕ್ಕೂ ಭೇದವಿಲ್ಲವೆಂದು ನಾವು ಹೇಳುವುದಿಲ್ಲ. ಒಂದು ಭೋಗಕ್ಕೆ, ಇನ್ನೊಂದು ತ್ಯಾಗಕ್ಕೆ. ಆದರೂ ಜಂಗಮರ ನಡುವೆ ಬೆಳೆದ, ಮಹತ್ತಿನ ಮಠಗಳಿಗೆ ಭೂಮಿಕಾಣಿಗಳನ್ನು ಬಿಡುತ್ತ ಬಂದ ಮನೆತನದಲ್ಲಿ ನಿಂತ ಬಸವಪ್ಪನಿಗೆ, ಹುಟ್ಟಿನಿಂದಲ್ಲದೆ ಸ್ವೀಕಾರದಿಂದಲೂ ಪರಂಪರೆಯು ಸಿದ್ಧಿಸುವುದೆಂಬುದು ಹೊಸ ಮಾತಾಗಿರಲಿಲ್ಲ.

ಅವನು ಹೇಳಿದ ವಂಶಚರಿತ್ರೆಯನ್ನು ಪರೀಕ್ಷಿಸುವುದಕ್ಕೆ ಈಗ ನಮಗೆ ಸಾಧನಗಳು ಬೇಕಾದಷ್ಟಿವೆ. ರೈಸ್ ಸಾಹೇಬರು ೧೯೦೧ರಲ್ಲಿ ಪ್ರಕಟಿಸಿದ ಕಡೂರು ಜಿಲ್ಲೆಯ ಶಾಸನಸಂಪುಟದಲ್ಲಿಯೂ, ಆ ಬಳಿಕ ಬಂದ ಶಿವಮೊಗ್ಗೆಯ ಎರಡು ಸಂಪುಟಗಳಲ್ಲಿಯೂ ಕೆಳದಿಯ ಅರಸರ ದಾನಶಾಸನಗಳು ದೊರೆಯುತ್ತವೆ. ಶೃಂಗೇರಿಯ ಮಠಕ್ಕೆ ಕೆಳದಿಯವರು ಬಿಟ್ಟ ದತ್ತಿಗಳೂ ಬರೆದ ಕಾಗದಗಳೂ ಉಂಟು. ಶಿವಭಕ್ತರಾದ ಅರಸರು ಸ್ಮಾರ್ತಪೀಠಕ್ಕೂ ನಡೆದುಕೊಂಡ ರೀತಿಯು ಅವುಗಳಿಂದ ವ್ಯಕ್ತವಾಗುವುದು. ೧೮೦೧ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕನನ್ ಎಂಬ ವೈದ್ಯನು ಅರಸುಮನೆಯು ಅಳಿದು ನಾಲ್ವತ್ತು ವರ್ಷಗಳೂ ತುಂಬದಿದ್ದ ಆ ಕಾಲದಲ್ಲಿ ಸ್ಥಳೀಯರನ್ನು ಕೇಳಿ ಅವರ ವೃತ್ತಾಂತವನ್ನು ಬರೆದುಕೊಂಡನು. ಕರ್ನಲ್ ಮೆಕೆಂಜಿಯು ಕೂಡಿಸಿದ ಕೈಫಿಯತ್ತುಗಳಲ್ಲಿಯೂ ಈ ವಂಶದ ಕಥೆಯು ಸೇರಿದೆ. ಕೆಳದಿಯಲ್ಲಿ ಈಗ ವಸ್ತುಸಂಗ್ರಹಾಲಯವಿದ್ದು ಹಳೆಯ ಓಲೆ, ಕಡತಗಳನ್ನು ಅಲ್ಲಿ ಕಾಪಾಡಿದ್ದಾರೆ. ಇವೆಲ್ಲವುಗಳಲ್ಲಿ ಆಳಿಕೆಯ ವರ್ಷಗಳು ಒಂದೆರಡು ಹಿಂದುಮುಂದಾಗಬಹುದು. ಪೀಳಿಗೆಯ ಮುಖ್ಯಸೂತ್ರವು ಕಡಿಯುವುದಿಲ್ಲ.

ಕಲ್ಲಿನಲ್ಲಿ ಬೇರೊಂದು ಬಗೆಯ ನೆನಪೂ ಇದೆ. ಇಕ್ಕೇರಿಯ ಅಘೋರೇಶ್ವರನ ಗುಡಿಗೆ ಹೋದವರು ಗರ್ಭಗೃಹದ ಮುಂದಿನ ನೆಲದಲ್ಲಿ ಮೂವರು ನಾಯಕರು ಸಾಷ್ಟಾಂಗವೆರಗಿರುವಂತೆ ಕೆತ್ತಿರುವುದನ್ನು ಕಂಡಿರಬಹುದು. ಅವರಲ್ಲೊಬ್ಬನ ಕೈಕಾಲುಗಳಿಗೆ ಸಂಕೋಲೆಯಿದೆ; ಅವನು ಹುಚ್ಚ ಸೋಮಶೇಖರನೆಂದು ಜನರು ಹೇಳುತ್ತಾರೆ. ಮನೆತನದ ದುಃಖವನ್ನು, ಪರರು ನಗುವರೆಂದು ಅಳಿಸದೆ, ದೇವರ ಎದುರಿಗೆ ನಿಲ್ಲಿಸಿದ್ದಾರೆ. ಬಸವಪ್ಪನು ತನ್ನ ತಂದೆಯೆಂದು ಸ್ವೀಕರಿಸಿದುದು ಈ ಸೋಮಶೇಖರನನ್ನು. ಶಿವಪ್ಪನಾಯಕನ ಕೀರ್ತಿಯೊಡನೆ ಈ ಸಂಕೋಲೆಯೂ ಅವನ ಪಾಲಿಗೆ ಬಂದಿತು. ದಾಯಭಾಗದಲ್ಲಿ ಗದ್ದೆಯನ್ನು ಮಾತ್ರ ಪಡೆದು ಸಾಲವನ್ನು ಬಿಡಲು ಬರುವುದಿಲ್ಲವೆಂದು ನಮ್ಮ ಹಳ್ಳಿಯ ಪಂಚಾಯಿತರೂ ಬಲ್ಲರು.

ಬಸವಪ್ಪನಾಯಕನು ೧೭೧೪ರಲ್ಲಿ ಲಿಂಗೈಕ್ಯನಾದನು. ಪ್ರಶ್ನೆಗಳನ್ನು ಕೇಳಿದ ಕುಮಾರನೇ ಸೋಮಶೇಖರನಾಯಕನೆಂಬ ಹೆಸರಿನಿಂದ ೧೭೩೯ರವರೆಗೆ ಆಳಿದನು. ಅವನ ತರುವಾಯ ಅವನ ಸೋದರನ ಮಗ ಚಿಕ್ಕ ಬಸವಪ್ಪನಾಯಕನು ಪಟ್ಟಕ್ಕೆ ಬಂದನು. ಕಟ್ಟಕಡೆಯಲ್ಲಿ ವೀರಮ್ಮಾಜಿಯು ಮತ್ತೊಬ್ಬ ದತ್ತಪುತ್ರನೊಡನೆ ರಾಜ್ಯವನ್ನಾಳುತ್ತಿರಲು, ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದು ಅದಕ್ಕೆ ಹೈದರನಗರವೆಂದು ಹೆಸರಿಟ್ಟನು. ಅರಮನೆಯು ಸೂರೆಯಾಯಿತು. ಚೌಡಪ್ಪನಿಂದ ಮೊದಲಾದ ಕಥೆಯನ್ನು ಈ ಅಂತ್ಯದವರೆಗೆ ತಂದು ಕನ್ನಡದಲ್ಲಿ ಚಂಪೂರೂಪವಾಗಿ ಹೇಳಿದವನು ಲಿಂಗಣ್ಣಕವಿ. ಅವನ ಕೆಳದಿನೃಪವಿಜಯವನ್ನು ಶಾಮಶಾಸ್ತ್ರಿಗಳು ಶೋಧಿಸಿ ೧೯೨೧ರಲ್ಲಿ ಮೈಸೂರಿನಲ್ಲಿ ಮುದ್ರಿಸಿದರು. ಶಿವತತ್ತ್ವರತ್ನಾಕರವು ೧೯೨೭ರಲ್ಲಿ ಮದರ಼ಾಸಿನಲ್ಲಿ ಅಚ್ಚಾಯಿತು. ಮೈಸೂರಿನ ಪ್ರಾಚ್ಯವಿದ್ಯಾಸಂಶೋಧನಾಲಯದವರು ೧೯೬೪ರಿಂದ ಅದನ್ನು ಮತ್ತೆ ಸಂಪುಟಗಳಾಗಿ ಹೊರತಂದರು. ಬಸವಾಪಟ್ಟಣದ ಶೆಟ್ಟರ ಮನೆಯ ಕುಮಾರನು ಮಗನಿಗೆಂದು ಹೇಳಿದ ಕೆಳದಿಯ ಪೀಳಿಗೆಯು, ಆ ಪೀಳಿಗೆಯಲ್ಲಿ ಪಟ್ಟಕ್ಕೆ ಬರುವವರು ಯಾರೂ ಉಳಿಯದ ಮೇಲೆಯೂ, ಹೀಗೆ ಓದುವವರ ಕೈಗೆ ಬಂದು ಸೇರಿತು.